ಸಿದ್ದಮ್ಮನ ಹೆಸರಿನಲ್ಲಿದ್ದ ಮಿಕ್ಸಿ

ಮಾದಾಪುರದ ಆಚೆ, ಸೋಮವಾರಪೇಟೆ ರಸ್ತೆಗೆ ತಾಗಿದ ಕಾಫಿ ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಯಾರ ಮನೆಯ ಮಿಕ್ಸಿ ತಿರುಗಿದರೂ, ಕಾಗದದ ಪ್ರಕಾರ ತಿರುಗುತ್ತಿದ್ದದ್ದು ಸಿದ್ದಮ್ಮನ ಮಿಕ್ಸಿಯೇ. ಕರಿಯನ ಮನೆಯ ಟಿ.ವಿ. ಅವಳ ಹೆಸರಿನಲ್ಲಿತ್ತು. ಶೋಭಿತಾಳ ಮೊಬೈಲು ಅವಳ ಹೆಸರಿನಲ್ಲಿತ್ತು. ಕೊನೆಯ ಮನೆಯ ಇಡ್ಲಿ ಗ್ರೈಂಡರು, ಅದರ ಪಕ್ಕದ ಮನೆಯ ಬಟ್ಟೆ ಒಗೆಯುವ ಮೆಷಿನ್ನು, ನಡುಮನೆಯವರ ಹೊಲಿಗೆ ಯಂತ್ರ ಎಲ್ಲವೂ ಅವಳವೇ. ಆದರೆ ಅವಳ ಸ್ವಂತ ಮನೆಯೊಳಗೆ ಹೋಗಿ ನೋಡಿದರೆ ಚಟ್ನಿಗೆ ಒರಳುಕಲ್ಲು, ಸೀರಿಯಲ್ಲಿಗೆ ಪಕ್ಕದ ಮನೆ.

ಇದರಲ್ಲಿ ಮೋಸವೇನೂ ಇರಲಿಲ್ಲ. ಲೈನಿನವರಲ್ಲಿ ಹೆಚ್ಚಿನವರು ಕೆಲಸ ಇದ್ದಾಗ ಕೂಲಿ ಪಡೆಯುವವರು. ಕಂತಿನ ಮೇಲೆ ಸಾಮಾನು ಕೊಡುವ ಕುಶಾಲನಗರದ ಅಂಗಡಿಯವರಿಗೆ ಬೇಕಾದದ್ದು ತಿಂಗಳ ಸಂಬಳದ ಚೀಟಿ. ಅಂಥ ಚೀಟಿ ಇದ್ದದ್ದು ಸಿದ್ದಮ್ಮನ ಹತ್ತಿರ. ಅವಳು ಎಸ್ಟೇಟಿನ ಮಕ್ಕಳ ಮನೆಯ ಆಯಾ. ತಾಯಂದಿರು ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಹೋದಾಗ ಅವರ ಕೂಸುಗಳನ್ನು ತೂಗಿ, ಉಣ್ಣಿಸಿ, ಮೂಗು ಒರೆಸಿ ಸಂಜೆಗೆ ಒಪ್ಪಿಸುವ ಕೆಲಸ. ಮಕ್ಕಳನ್ನೇ ನಂಬಿ ಬಿಟ್ಟ ಮೇಲೆ ಮಿಕ್ಸಿಯದೇನು ಮಹಾ ಎಂದು ಲೈನಿನವರು ಅವಳ ಹೆಸರನ್ನೂ ಬಾವಿಯ ಹಗ್ಗದ ಹಾಗೆ ಎಲ್ಲರಿಗೂ ಸೇರಿದ್ದೆಂದು ಬಳಸಿಕೊಂಡರು. ಅವಳೂ ಬೇಡವೆನ್ನಲಿಲ್ಲ.

ಆದರೆ ಬಿಟ್ಟಿ ಉಪಕಾರ ಅವಳ ಜಾಯಮಾನವಲ್ಲ. ಸಂಬಳದ ಶನಿವಾರ ಸಂಜೆಯೊಳಗೆ ಕಂತಿನ ದುಡ್ಡು ಅವಳ ಕೈಸೇರಬೇಕು. ಯಾರಾದರೂ ತಡಮಾಡಿದರೆ ಜಗಳಕ್ಕೆ ಹೋಗುತ್ತಿರಲಿಲ್ಲ, ಆ ಮನೆಯ ಮಗುವಿಗೆ ಪಾಠ ಹೇಳಿ ಕಳಿಸುತ್ತಿದ್ದಳು. ಆ ಎಸ್ಟೇಟಿನಲ್ಲಿ ಒಂದು ಎರಡು ಎಣಿಸಲು ಬಾರದ ಮಕ್ಕಳೂ ಮನೆಗೆ ಬಂದು ‘ಅವ್ವ, ಕಂತು’ ಎನ್ನಲು ಕಲಿತಿದ್ದವು. ಹಾಗಾಗಿ ಒಂದೂ ಕಂತು ತಪ್ಪಿರಲಿಲ್ಲ.

ಸಿದ್ದಮ್ಮ ಹುಟ್ಟಿದ್ದು ಲೈನಿನಲ್ಲಿ. ಮದುವೆಯಾಗಿ ಬಂದದ್ದೂ ಅದೇ ಲೈನಿನ ಇನ್ನೊಂದು ಬಾಗಿಲಿಗೆ. ಗಂಡ ಗಿರಿ ಎಸ್ಟೇಟಿನ ಜೀಪು ಓಡಿಸುತ್ತಾನೆ, ಮಾತು ಕಡಿಮೆ, ನಗು ಜಾಸ್ತಿ. ಲೈನಿನ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕೇಳಬೇಕು. ಕೇಳಿದರೆ ಆತ ಇಲ್ಲವೆನ್ನುವುದಿಲ್ಲ, ಆದರೆ ಕೇಳಬೇಕಲ್ಲ. ನಲವತ್ತು ದಾಟಿದ ಮೇಲೆ ಸಿದ್ದಮ್ಮನಿಗೆ ಒಂದೇ ಆಸೆ ಹತ್ತಿತು: ಯಾರನ್ನೂ ಕೇಳದೆ ಮೊಳೆ ಹೊಡೆಯುವಂಥ ಒಂದು ಗೋಡೆ.

ಆ ಗೋಡೆ ಮಾದಾಪುರದಲ್ಲೇ ಸಿಕ್ಕಿತು. ಅಲ್ಲಿನ ಗೌಡರ ಪೈಕಿ ಪದ್ಮಯ್ಯ ಎಂಬವರು ರಸ್ತೆ ಬದಿಯಲ್ಲಿ ಬಾಡಿಗೆಗೆಂದು ಕಟ್ಟಿಸಿದ್ದ ಪುಟ್ಟ ಹೆಂಚಿನ ಮನೆ. ಕಾಫಿ ಒಣಗಿಸುವ ಕಣ ದೊಡ್ಡದು ಮಾಡಲು ಹೊರಟಿದ್ದ ಅವರು ಮನೆಯನ್ನು ಮಾರುತ್ತಾರೆಂದು ಗಿರಿ ಕೇಳಿ ಬಂದ. ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ಕಿತ್ತಳೆ ಗಿಡ. ಸಿದ್ದಮ್ಮ ಹೋದವಳೇ ಮಾತಿಗೆ ಮುಂಚೆ ಗೋಡೆಗಳನ್ನೆಲ್ಲ ಕೈಯಿಂದ ತಟ್ಟಿ ನೋಡಿದಳು. ಕುಶಾಲನಗರದ ಹೋಂಸ್ಟೇ ಮಾಲೀಕನೊಬ್ಬ ಆ ಮನೆಗೆ ಹೆಚ್ಚು ಕೊಡುತ್ತೇನೆಂದು ಕಾದು ಕೂತಿದ್ದ. ಪದ್ಮಯ್ಯ ಮಾತಿನ ಮನುಷ್ಯ. ಆಗಿನ್ನೂ ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಮುಗಿದಿತ್ತಷ್ಟೆ. ಗದ್ದೆಯ ಹೊಸ ಕದಿರು ಮನೆಗೆ ತರುವ ಹುತ್ತರಿ ಹಬ್ಬದವರೆಗೆ ಸಿದ್ದಮ್ಮನಿಗಾಗಿ ಕಾಯುತ್ತೇನೆಂದು ಅವರು ಒಪ್ಪಿಕೊಂಡರು.

“ಕದಿರು ಮನೆಗೆ ಬರೋ ತನಕ ಈ ಮನೆ ನಿಂದ್. ಆಮೇಲೆ ನಂಗೂ ಕಷ್ಟ ಉಟ್ಟು, ಸಿದ್ದಮ್ಮ” ಎಂದು ತಮ್ಮ ಅರೆಭಾಷೆ ಬೆರೆಸಿ ಹೇಳಿದರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಸಾಲ ಕೇಳಿ ನೋಡು ಎನ್ನಲಿಲ್ಲ. ಆಗ ಬ್ಯಾಂಕು ಇರಲಿಲ್ಲವೇನೋ. ಗಂಡ ಹೆಂಡತಿ ಇಬ್ಬರೂ ಕುಶಾಲನಗರದ ಬ್ಯಾಂಕಿಗೆ ಹೋದರು. ಸಾಲದ ವಿಭಾಗದಲ್ಲಿ ಕೂತಿದ್ದ ಮೋಕ್ಷಿತಾ ಎಂಬ ಅಧಿಕಾರಿ ಕೊಡಗಿನವಳಾಗಿಯೂ ಚಹಾ ಕುಡಿಯುವ ಹುಡುಗಿ. ಅದೊಂದು ಬಿಟ್ಟರೆ ಅವಳಲ್ಲಿ ಹೆಸರಿಡುವಂಥದ್ದು ಏನೂ ಸಿದ್ದಮ್ಮನಿಗೆ ಕಾಣಲಿಲ್ಲ. ಮೋಕ್ಷಿತಾ ಕಂಪ್ಯೂಟರಿನಲ್ಲಿ ಸಿದ್ದಮ್ಮನ ಸಾಲದ ಜಾತಕ ತೆಗೆದಳು. ನಾವು ಎಲ್ಲೆಲ್ಲಿ ಸಾಲ ಮಾಡಿದ್ದೇವೆ, ನೆಟ್ಟಗೆ ಕಟ್ಟಿದ್ದೇವೋ ಇಲ್ಲವೋ ಎಂಬುದೆಲ್ಲ ಒಂದು ಕಡೆ ಬರೆದಿಟ್ಟಿರುತ್ತದಂತೆ. ಜನ ಅದನ್ನು ಸಿಬಿಲ್ ಎನ್ನುತ್ತಾರೆ. ಅದರಲ್ಲಿ ಆರು ಸಾಮಾನಿನ ಸಾಲ ಕಂಡವು. ಐದು ತೀರಿದ್ದವು, ಆರನೆಯದಾದ ಟಿ.ವಿ. ಸಾಲ ಮಾತ್ರ ತೀರಿದ ಮೇಲೂ ಬಾಕಿ ಎಂದು ತೋರಿಸುತ್ತಿತ್ತು. ಅದು ಫೈನಾನ್ಸ್ ಕಂಪನಿಯವರ ತಪ್ಪು, ಆನ್‌ಲೈನಿನಲ್ಲಿ ಒಂದು ತಕರಾರು ಹಾಕಿ ಸರಿ ಮಾಡಿಸಿಕೊಂಡು ಬನ್ನಿ, ಉಳಿದದ್ದು ಸಲೀಸು ಎಂದು ಮೋಕ್ಷಿತಾ ಹೇಳಿ ಕಳಿಸಿದಳು.

ಮಾದಾಪುರದಲ್ಲಿ ಆನ್‌ಲೈನ್ ಎಂದರೆ ಕಿರಣ್‌ಕುಮಾರನ ಜೆರಾಕ್ಸ್ ಅಂಗಡಿ. ಪಹಣಿ ತೆಗೆಯುವುದರಿಂದ ಹಿಡಿದು ಕರೆಂಟು ಬಿಲ್ಲು ಕಟ್ಟುವ ತನಕ ಊರಿನ ಎಲ್ಲ ಕೆಲಸ ಅವನ ಬೆರಳ ತುದಿಯಲ್ಲಿ. ಸಿದ್ದಮ್ಮ ಅವನ ಎದುರು ಸ್ಟೂಲಿನಲ್ಲಿ ಕೂತು ತಕರಾರು ಹಾಕಬೇಕೆಂದಳು. ಅವನು ಪುಟ ತೆರೆದ. ಪರದೆಯ ಮೇಲೆ ಸಾಲಗಳು ಒಂದೊಂದಾಗಿ ಬಂದವು, ಅವನೂ ಒಂದೊಂದಾಗಿ ಕೇಳುತ್ತ ಹೋದ. ಮಿಕ್ಸಿ ಸಾಲ ನಿಮ್ಮದೇ ಎಂದು ಕೇಳಿದ. ಅಲ್ಲ, ಅದು ನಮ್ಮ ಲೈನಿನ ಮಾರಿಯದು ಎಂದಳು. ಮೊಬೈಲು? ಶೋಭಿತಾಳದು. ಗ್ರೈಂಡರು? ಕೊನೆಮನೆಯವರದು. ಅವಳು ಹೇಳಿದ್ದರಲ್ಲಿ ಸಾಸಿವೆ ಕಾಳಿನಷ್ಟೂ ಸುಳ್ಳಿರಲಿಲ್ಲ. ಕಿರಣ್‌ಕುಮಾರ್ ಪಾಪ, ಯಾರೋ ಇವಳ ಹೆಸರಿನಲ್ಲಿ ಊರೆಲ್ಲ ಸಾಲ ಮಾಡಿದ್ದಾರೆಂದು ಕನಿಕರಪಟ್ಟು, ಆರಕ್ಕೆ ಆರನ್ನೂ ‘ನನ್ನದಲ್ಲ’ ಎಂದು ಒತ್ತಿ ಕಳಿಸಿದ. ಅವಳು ಅವನ ದುಡ್ಡು ಕೊಟ್ಟು, ಸತ್ಯ ಹೇಳಿ ಬಂದ ಹಗುರದಲ್ಲಿ ನಡೆದೇ ಲೈನಿಗೆ ಬಂದಳು.

ಕೆಲವು ದಿನಗಳಲ್ಲೇ ಬ್ಯಾಂಕಿನಿಂದ ಕರೆ ಬಂತು. ಗಂಡನ ಜೊತೆ ಹೋದರೆ ಮೋಕ್ಷಿತಾಳ ಮುಖದಲ್ಲಿ ಮೊದಲಿನ ನಗು ಇರಲಿಲ್ಲ.

“ಟಿ.ವಿ. ಒಂದನ್ನ ಸರಿ ಮಾಡಿಸಿ ಅಂತ ಕಳಿಸಿದ್ರೆ, ಆರನ್ನೂ ಕೆಡಿಸ್ಕೊಂಡು ಬಂದಿದೀರಲ್ಲ ಸಿದ್ದಮ್ಮ” ಎಂದಳು.

ಈಗ ಆರೂ ಸಾಲಗಳ ಮುಂದೆ ‘ತಕರಾರಿನಲ್ಲಿದೆ’ ಎಂದು ಬರೆದಿತ್ತು. ಅದು ಅಲ್ಲಿರುವ ತನಕ ಮನೆ ಸಾಲದ ಅರ್ಜಿ ಕೂತಲ್ಲಿಂದ ಏಳುವುದಿಲ್ಲ ಎಂದು ಮೋಕ್ಷಿತಾ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಬೇರೆ ಯಾರೋ ಇವಳ ಹೆಸರು ಕದ್ದು ಸಾಲ ಮಾಡಿದ್ದರೆ ಅದೊಂದು ಪೊಲೀಸ್ ಕೇಸು. ಇವಳೇ ಮಾಡಿ ಈಗ ಅಲ್ಲವೆನ್ನುತ್ತಿದ್ದರೆ ಅದು ಇನ್ನೂ ಕೆಟ್ಟದ್ದು.

“ಇವತ್ತು ಮಿಕ್ಸಿ ನಂದಲ್ಲ ಅಂದೋರು, ನಾಳೆ ಮನೆ ಸಾಲಾನೂ ನಂದಲ್ಲ ಅಂದ್ರೆ ಬ್ಯಾಂಕು ಯಾರನ್ನ ಕೇಳ್ಬೇಕು?”

ದಾರಿ ಇಲ್ಲದಿರಲಿಲ್ಲ. ಟಿ.ವಿ.ಯ ತಕರಾರು ನ್ಯಾಯವಾದದ್ದು, ಅದನ್ನು ‘ಸಾಲ ತೀರಿದೆ’ ಎಂದು ತಿದ್ದಿಸಿದರೆ ಸಾಕು. ಉಳಿದ ಐದಕ್ಕೆ ‘ಈ ಸಾಲ ನನ್ನದೇ, ನಾನೇ ತೆಗೆದದ್ದು, ನಾನೇ ತೀರಿಸಿದ್ದು’ ಎಂದು ಸಹಿ ಹಾಕಿ ಕಳಿಸಿದರೆ ತಕರಾರು ಬಿದ್ದುಹೋಗುತ್ತದೆ. ಮೋಕ್ಷಿತಾ ಕಾಗದಗಳನ್ನು ಅಲ್ಲೇ ಮುದ್ರಿಸಿ ಮುಂದಿಟ್ಟಳು. ಸಿದ್ದಮ್ಮ ಪೆನ್ನು ಹಿಡಿದಳು, ಓದಿಸಿಕೊಂಡಳು, ಪೆನ್ನು ಕೆಳಗಿಟ್ಟಳು.

“ಆದ್ರೆ ಅದು ಮಾರಿ ಮಿಕ್ಸಿ, ಮೇಡಂ” ಎಂದಳು.

ಇದನ್ನು ಹಟವೆಂದು ತಿಳಿಯಬಾರದು. ಸಿದ್ದಮ್ಮನ ಅವ್ವನೂ ಲೈನಿನವಳೇ. ಮಳೆಗಾಲಕ್ಕೆ ಮುಂಚೆ ಎಸ್ಟೇಟಿನವರು ಆಳಿಗೊಂದು ಕಂಬಳಿ ಕೊಡುವುದು ಹಿಂದಿನಿಂದ ಬಂದದ್ದು. ಒಂದು ವರ್ಷ ಆಗಿನ ರೈಟರು ಕಂಬಳಿ ನಾಳೆ ಬರುತ್ತದೆಂದು ಹೇಳಿ ಎಲ್ಲರ ಹೆಬ್ಬೆಟ್ಟು ಮೊದಲೇ ಒತ್ತಿಸಿಕೊಂಡ. ಹೆಬ್ಬೆಟ್ಟು ರೈಟರಿಗಾಯಿತು, ಕಂಬಳಿ ಬರಲೇ ಇಲ್ಲ. ಆ ಇಡೀ ಮಳೆಗಾಲ ಗೋಣಿಚೀಲ ಹೊದ್ದು ಕೆಲಸ ಮಾಡಿದ ಅವ್ವ ಮಗಳಿಗೆ ಹೇಳಿಕೊಟ್ಟ ವೇದ ಒಂದೇ: ಕೈಗೆ ಬಾರದ್ದನ್ನ ನಂದು ಅನ್ನಬೇಡ. ಸಿದ್ದಮ್ಮ ಶಾಲೆಯಲ್ಲಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಮರೆತಿದ್ದಾಳೆ, ಇದನ್ನು ಮರೆತಿಲ್ಲ. ಅಂಗಡಿಯಲ್ಲಿ ಕಂತಿನ ಕಾಗದಕ್ಕೆ ಸಹಿ ಹಾಕುವಾಗ ಅವಳ ಲೆಕ್ಕಕ್ಕೆ ಅವಳು ಬರೀ ಜಾಮೀನು. ಸಾಲ ಮಾರಿಯದು, ಮಿಕ್ಸಿ ಮಾರಿಯದು, ತನ್ನದು ಹೆಸರು ಮಾತ್ರ.

ಸಹಿ ಹಾಕದೆ ಎದ್ದು ಬಂದಳು. ಬಸ್ಸು ಹಾರಂಗಿ ತಿರುವು ದಾಟಿದ ಮೇಲೆ ಗಿರಿ, ಒಂದು ಸಹಿ ಹಾಕಿದ್ದರೆ ಕೈಯೇನು ಸವೆಯುತ್ತಿತ್ತೇ ಎಂದು ಕೇಳಿದ. ಮನೆ ಕೈತಪ್ಪುವುದೆಂಬ ಹೆದರಿಕೆ ಅವಳಿಗೇನೂ ಕಡಿಮೆ ಇರಲಿಲ್ಲ. ಮಾದಾಪುರದಲ್ಲಿ ಬಸ್ಸು ಪದ್ಮಯ್ಯನವರ ಹೆಂಚಿನ ಮನೆಯ ಮುಂದೆ ಹಾದುಹೋಗುವಾಗ ಅವಳು ಆ ಕಡೆ ನೋಡದೆ ಮಡಿಲಲ್ಲಿದ್ದ ಚೀಲದ ಗಂಟು ಬಿಚ್ಚಿ ಕಟ್ಟಿದಳು. ಅಲ್ಲಿ ಹೋಂಸ್ಟೇ ಮಾಲೀಕನ ಕಾರು ನಿಂತಿತ್ತು.

ಲೈನಿನಲ್ಲಿ ಗುಟ್ಟು ಉಳಿಯುವುದುಂಟೇ? ಮನೆಗಳ ಮೇಲೆಲ್ಲ ಒಂದೇ ಮಾಡು, ನಡುವೆ ತೆಳ್ಳನೆ ಗೋಡೆ, ಒಂದು ಮನೆಯಲ್ಲಿ ಸೀನಿದರೆ ಮೂರನೆಯ ಮನೆಯವರು ನೂರು ವರ್ಷ ಎನ್ನುತ್ತಾರೆ. ನಮ್ಮ ಮಿಕ್ಸಿಯಿಂದ ಅಕ್ಕನ ಮನೆ ನಿಂತುಹೋಗಿದೆ ಎಂಬ ಸುದ್ದಿ ಮರುದಿನ ಪಿಕ್ಕಿಂಗ್ ಬುಟ್ಟಿಗಳ ಮಧ್ಯೆ ತಿರುಗಿ ಎಲ್ಲರ ಕಿವಿಗೂ ಬಿತ್ತು. ಮಾರಿ ಆ ದಿನ ಊಟ ಬಿಟ್ಟಳು. ಅವಳು ಸಿದ್ದಮ್ಮನ ಪಕ್ಕದ ಬಾಗಿಲಿನವಳು, ಮಾತು ಒರಟು, ಕರುಳು ಮೆದು. ಮೊದಲ ಕಂತಿನ ಸಾಮಾನು ಅವಳ ಮಿಕ್ಸಿಯೇ, ಹೆಸರು ಕೊಡುವ ರೂಢಿ ಶುರುವಾದದ್ದೂ ಅದರಿಂದಲೇ. ಲೈನಿನವರೆಲ್ಲ ಕೂತು ಒಂದು ತೀರ್ಮಾನಕ್ಕೆ ಬಂದರು: ಅಕ್ಕ ಹೇಳಿದ್ದು ನಿಜ, ಅದು ನಿಜವೆಂದು ನಾವೇ ಹೋಗಿ ಬ್ಯಾಂಕಿನವರಿಗೆ ತೋರಿಸೋಣ.

ತಿಂಗಳ ಮೊದಲ ಶನಿವಾರ ಎಸ್ಟೇಟಿನಲ್ಲಿ ಅರ್ಧ ದಿನ ಕೆಲಸ. ಗಿರಿ ಎಸ್ಟೇಟಿನ ಸಾಹೇಬರ ಅಪ್ಪಣೆ ಪಡೆದು ಜೀಪು ತಂದ. ಅದರೊಳಗೆ ಜನ ಹತ್ತಿದರು, ಅವರ ಮಡಿಲಿಗೆ ಸಾಮಾನು ಹತ್ತಿತು. ಮಾರಿಯ ತೊಡೆಯ ಮೇಲೆ ಮಿಕ್ಸಿ, ಅವಳ ಕಾಲಡಿ ಗ್ರೈಂಡರು, ಹೊಲಿಗೆ ಯಂತ್ರಕ್ಕೆ ಹಿಂದಿನ ಸೀಟು. ಕರಿಯ ತನ್ನ ಟಿ.ವಿ.ಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಾಣಂತಿಯ ಮಗುವಿನಂತೆ ಅಪ್ಪಿಕೊಂಡಿದ್ದ. ಬಟ್ಟೆ ಒಗೆಯುವ ಮೆಷಿನ್ನು ಹಿಡಿಸಲಿಲ್ಲವೆಂದು ಅದರ ಫೋಟೋ ಬಂತು. ವಿಷಯ ತಿಳಿದು ತಡೆಯಲು ಬಂದ ಸಿದ್ದಮ್ಮನನ್ನೂ ಎಳೆದು ಮುಂದಿನ ಸೀಟಿಗೆ ಹತ್ತಿಸಿದರು.

ಬ್ಯಾಂಕಿನ ಕಾವಲುಗಾರ ಇವರನ್ನು ಬಾಗಿಲಲ್ಲೇ ತಡೆದು, ಹಳೆಯದು ಕೊಟ್ಟು ಹೊಸದು ಕೊಳ್ಳುವ ಮೇಳ ಎದುರಿನ ಅಂಗಡಿಯಲ್ಲಿ ಎಂದು ದಾರಿ ತೋರಿಸಿದ. ಅವನನ್ನು ಒಪ್ಪಿಸಿ ಒಳಗೆ ಹೋಗುವಷ್ಟರಲ್ಲಿ ಮೋಕ್ಷಿತಾಳೇ ಎದ್ದು ಬಂದಳು. ಮಾರಿ ಮಿಕ್ಸಿಯನ್ನು ಅವಳ ಮೇಜಿನ ಮೇಲಿಟ್ಟು, ಇದು ನನ್ನದು, ಸಿದ್ದಮ್ಮಕ್ಕನದಲ್ಲ, ಬೇಕಾದರೆ ಜಾರಿನ ತಳದಲ್ಲಿ ನಮ್ಮ ಮನೆಯ ಗುರುತು ನೋಡಿ ಎಂದು ಸಾಕ್ಷಿ ನುಡಿದಳು. ಅವಳ ಹಿಂದೆ ಶೋಭಿತಾ ಮೊಬೈಲು ಹಿಡಿದು ನಿಂತಳು. ಕರಿಯ ಟಿ.ವಿ.ಯ ಬೆಡ್‌ಶೀಟು ಬಿಚ್ಚತೊಡಗಿದ. ಹಣ ಕಟ್ಟಲು ಸಾಲಿನಲ್ಲಿ ನಿಂತಿದ್ದವರು ತಮ್ಮ ಸರದಿ ಮರೆತು ಇತ್ತ ತಿರುಗಿದರು.

ಮೋಕ್ಷಿತಾ ಹಣೆಗೆ ಕೈ ಹಚ್ಚಿಕೊಂಡಳು. ನಗು ತಡೆಯಲು ಅವಳು ಪಟ್ಟ ಪಾಡು ಎಲ್ಲರಿಗೂ ಕಾಣುತ್ತಿತ್ತು.

“ನೀವೆಲ್ಲ ಸೇರಿ ಹಿಂಗೆ ಹೇಳಿದಷ್ಟೂ ಇವರ ತಕರಾರು ಗಟ್ಟಿ ಆಗುತ್ತೆ. ಇವರದಲ್ಲ ಅಂತ ಸಾಬೀತಾದ್ರೆ ಇವರಿಗೆ ಮನೆ ಇಲ್ಲ.”

ಉಪಕಾರ ಮಾಡಲು ಹೋಗಿ ಮೂಲಕ್ಕೇ ಕೊಡಲಿ ಇಟ್ಟೆವೆಂದು ತಿಳಿದದ್ದೇ ತಡ, ಕರಿಯ ಟಿ.ವಿ.ಯನ್ನು ಮತ್ತೆ ಸುತ್ತಿದ. ಮೋಕ್ಷಿತಾ ಆಗ ಇನ್ನೊಂದು ಮಾತು ಹೇಳಿದಳು. ಈ ಸಾಲಗಳು ಸಿದ್ದಮ್ಮನವೇ ಎಂದಾದರೆ, ಅವಳಷ್ಟು ನೆಟ್ಟಗೆ ಕಂತು ಕಟ್ಟಿದವರು ಈ ಬ್ರಾಂಚಿನಲ್ಲಿ ಬೆರಳೆಣಿಕೆಯಷ್ಟು. ಮನೆ ಸಾಲಕ್ಕೆ ಅದಕ್ಕಿಂತ ಒಳ್ಳೆಯ ಶಿಫಾರಸು ಬೇಡ. ಬೇಕಾದದ್ದು ಐದು ಸಹಿ, ಅಷ್ಟೇ.

ಎಲ್ಲರೂ ಸಿದ್ದಮ್ಮನನ್ನು ನೋಡಿದರು. ಅವಳು ನೆಲ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು, ಮನೆಯೂ ಬೇಕು, ಅವ್ವನ ಮಾತೂ ಉಳಿಯಬೇಕು. ಮಾರಿ ಮೇಜಿನ ಮೇಲಿದ್ದ ಮಿಕ್ಸಿಯನ್ನು ಎರಡೂ ಕೈಯಿಂದ ಅವಳ ಕಡೆಗೆ ನೂಕಿದಳು.

“ಅಕ್ಕ, ನನ್ನ ಮಗ ನಿನ್ನ ಸೊಂಟದ ಮೇಲೆ ಬೆಳ್ದ. ಅದ್ಯಾರ ಮಗ ಅಂತ ಯಾರಾದ್ರೂ ಕೇಳಿದ್ರೆ ನೀನೂ ನಂದು ಅಂತಿದ್ದೆ, ನಾನೂ ನಂದು ಅಂತಿದ್ದೆ. ಇಬ್ರಲ್ಲಿ ಯಾರು ಸುಳ್ಳು ಹೇಳಿದ್ವಿ? ಹಾಕು ಕಣಕ್ಕ ಸೈನು.”

ಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಸಹಿ ಹಾಕಿದಳು. ಪ್ರತಿಯೊಂದು ಸಹಿಗೂ ಮುಂಚೆ ಆ ಸಾಮಾನಿನ ಒಡೆಯರ ಮುಖವನ್ನು ಒಮ್ಮೆ ನೋಡಿದಳು, ಅವರು ತಲೆಯಾಡಿಸಿದ ಮೇಲೆಯೇ ಪೆನ್ನು ಊರಿದಳು. ಕೆಲಸ ಮುಗಿದ ಮೇಲೆ ಮೋಕ್ಷಿತಾ ಎಲ್ಲರಿಗೂ ಚಹಾ ತರಿಸಿ, ಇನ್ನು ಮುಂದೆ ಯಾರೂ ಇವರ ಹೆಸರಿನಲ್ಲಿ ಚಮಚವನ್ನೂ ಕೊಳ್ಳಬೇಡಿ, ನಿಮ್ಮ ನಿಮ್ಮ ಹೆಸರಿನಲ್ಲೇ ಖಾತೆ ತೆರೆಯಿರಿ ಎಂದು ಗದರಿಸಿದಳು. ಶೋಭಿತಾ ಅಲ್ಲೇ ಅರ್ಜಿ ತುಂಬಿದಳು. ಸಿದ್ದಮ್ಮ ಮಾತ್ರ ದಾರಿಯುದ್ದಕ್ಕೂ ಮಂಕಾಗಿದ್ದಳು. ಕೆಲಸವಾಯಿತು, ಆದರೆ ಅವ್ವನ ಮಾತು ಮೀರಿದೆ ಎಂದು ಗಿರಿಗೆ ಒಮ್ಮೆ ಹೇಳಿದಳು.

ಐದು ತಕರಾರು ಬೇಗನೆ ಬಿದ್ದುಹೋದವು. ಟಿ.ವಿ.ಯದು ಮಾತ್ರ ಜಿಗಣೆಯಂತೆ ಅಂಟಿಕೊಂಡಿತು. ಕೊನೆಯ ಕಂತನ್ನು ಕಂಪನಿಯವರು ಬೇರೆ ಯಾರದೋ ಲೆಕ್ಕಕ್ಕೆ ಹಾಕಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ, ತಪ್ಪು ನಮ್ಮದೇ ಎಂದು ಒಪ್ಪಿಕೊಂಡ ಮೇಲೂ ಅವರಿಂದ ಬಾಕಿ ಇಲ್ಲವೆಂಬ ಒಂದು ಪತ್ರ ಹೊರಡಲಿಲ್ಲ. ಕರಿಯ ತನ್ನ ಟಿ.ವಿ.ಯ ಮಾನದ ಪ್ರಶ್ನೆಯೆಂದು ತಿಳಿದು, ರಜೆ ಸಿಕ್ಕಿದಾಗಲೆಲ್ಲ ಕುಶಾಲನಗರಕ್ಕೆ ಹೋಗಿ ಆ ಕಚೇರಿಯ ಬೆಂಚಿನ ಮೇಲೆ ಕೂತ. ಜಗಳವಾಡಲಿಲ್ಲ. ಬಂದ ಗಿರಾಕಿಗಳಿಗೆಲ್ಲ ತನ್ನ ಟಿ.ವಿ.ಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಸಾವಧಾನವಾಗಿ ಹೇಳಿದ. ಗಿರಾಕಿಗಳು ಎದ್ದು ಹೋಗತೊಡಗಿದ ಮೇಲೆ ಪತ್ರ ಬಂತು.

ಅಷ್ಟರಲ್ಲಿ ಗದ್ದೆಗಳು ಹಣ್ಣಾಗಿದ್ದವು. ಹೋಂಸ್ಟೇ ಮಾಲೀಕ ಪದ್ಮಯ್ಯನವರ ಜಗಲಿಯಲ್ಲಿ ದಿನವೂ ಕಾಫಿ ಕುಡಿಯುತ್ತಿದ್ದ. ಹುತ್ತರಿಯ ಹಿಂದಿನ ದಿನ ಮಕ್ಕಳ ಮನೆಯಲ್ಲಿ ಕೂಸೊಂದಕ್ಕೆ ಗಂಜಿ ಕುಡಿಸುತ್ತಿದ್ದಾಗ ಸಿದ್ದಮ್ಮನ ಫೋನು ಹೊಡೆದುಕೊಂಡಿತು. ಸಾಲ ಮಂಜೂರಾಗಿದೆ ಎಂದು ಮೋಕ್ಷಿತಾ ಹೇಳಿದಳು. ಸಿದ್ದಮ್ಮ ಕೂಸನ್ನು ಎತ್ತಿಕೊಂಡೇ ಅಂಗಳಕ್ಕೆ ಓಡಿ, ಜೀಪು ತೊಳೆಯುತ್ತಿದ್ದ ಗಿರಿಯನ್ನು ಕೂಗಿದಳು. ಸಂಜೆ ಗಿರಿ ಪದ್ಮಯ್ಯನವರಿಗೆ ಸುದ್ದಿ ಮುಟ್ಟಿಸಿದ. ಮರುದಿನ ಗೌಡರ ಮನೆಗೆ ಕದಿರು ಬರುವಾಗ ಜಗಲಿಯಲ್ಲಿ ಹೋಂಸ್ಟೇ ಮಾಲೀಕನ ಕುರ್ಚಿ ಖಾಲಿಯಿತ್ತು.

ಗೃಹಪ್ರವೇಶಕ್ಕೆ ಲೈನು ಲೈನೇ ಬಂತು. ಅಡಿಗೆಗೆ ಜನ ಹೆಚ್ಚು, ಸಿದ್ದಮ್ಮನದು ಒಂದೇ ಒರಳು. ಹಾಗಾಗಿ ಹಿಂದಿನ ಸಂಜೆಯೇ ಜೀಪಿನಲ್ಲಿ ಮಾರಿಯ ಮಿಕ್ಸಿ, ಕೊನೆಮನೆಯ ಗ್ರೈಂಡರು, ಮಕ್ಕಳು ಸುಮ್ಮನಿರಲೆಂದು ಕರಿಯನ ಟಿ.ವಿ., ಬಾಗಿಲ ತೋರಣದ ಬಟ್ಟೆ ಹೊಲಿಯಲು ಹೊಲಿಗೆ ಯಂತ್ರ ಎಲ್ಲ ಬಂದಿಳಿದವು. ಬಟ್ಟೆ ಒಗೆಯುವ ಮೆಷಿನ್ನೂ ಬಂತು, ಸುಮ್ಮನೆ, ಅದಕ್ಕೆ ಬೇಸರವಾಗದಿರಲೆಂದು. ಊಟಕ್ಕೆ ಬಂದ ಮೋಕ್ಷಿತಾ ಅಡಿಗೆಮನೆಗೆ ಇಣುಕಿ, ಹಾಗಾದರೆ ಎಲ್ಲ ಇವರದೇ ನಿಜ ಅನ್ನಿ ಎಂದು ನಕ್ಕಳು. ಸಿದ್ದಮ್ಮ ಎಲ್ಲರೆದುರು ಗೋಡೆಗೆ ತನ್ನ ಮೊದಲ ಮೊಳೆ ಹೊಡೆದಳು. ಅದು ಸ್ವಲ್ಪ ಸೊಟ್ಟಗೆ ಹೋಯಿತು. ಯಾರೂ ಸರಿ ಮಾಡಲು ಹೋಗಲಿಲ್ಲ.

ಮರುದಿನ ಸಾಮಾನುಗಳೆಲ್ಲ ಬಂದ ದಾರಿಯಲ್ಲೇ ಜೀಪು ಹತ್ತಿದವು. ಸಿದ್ದಮ್ಮ ಒಳಗೆ ಬಂದು ನೋಡಿದರೆ ಒಲೆಯ ಪಕ್ಕದ ಕಟ್ಟೆಯ ಮೇಲೆ ಮಿಕ್ಸಿ ಇನ್ನೂ ಕೂತಿತ್ತು, ಮೂಲೆಯಲ್ಲಿದ್ದ ಒರಳುಕಲ್ಲು ಕಾಣಲಿಲ್ಲ. ಅದನ್ನು ಕರಿಯನೂ ಗಿರಿಯೂ ಹೊತ್ತು ಆಗಲೇ ಜೀಪಿಗೆ ಏರಿಸಿಯಾಗಿತ್ತು. ಮಿಕ್ಸಿ ಮರೆತಿದ್ದೀಯಲ್ಲ ಎಂದು ಅವಳು ಹೊರಗೆ ಬಂದು ಮಾರಿಗೆ ಹೇಳಿದಳು.

“ಮರ್ತಿಲ್ಲ. ನಂಗೆ ಒರಳಿನ ಚಟ್ನೀನೇ ರುಚಿ” ಎಂದಳು ಮಾರಿ. “ಬ್ಯಾಂಕಿನಾಗೆ ನಿಂದು ಅಂತ ಬರ್ದು ಕೊಟ್ಟಿದ್ದೀಯ. ಅದು ಸುಳ್ಳಾಗ್ಬಾರ್ದು. ಈಗ ಕೈಗೆ ಬಂತಲ್ಲ, ನಂದು ಅನ್ನು.”

ಸಿದ್ದಮ್ಮ ಜೀಪು ತಿರುವು ದಾಟಿ ಕಾಣದಾಗುವ ತನಕ ಬಾಗಿಲಲ್ಲಿ ನಿಂತಿದ್ದು ಒಳಗೆ ಬಂದಳು. ಮಿಕ್ಸಿಯ ಜಾರನ್ನು ತೊಳೆದಳು, ಒರೆಸಿದಳು, ತಳದಲ್ಲಿದ್ದ ಮಾರಿಯ ಮನೆಯ ಗುರುತನ್ನು ಹಾಗೇ ಬಿಟ್ಟಳು. ಆಮೇಲೆ ಅದರ ಮೇಲೆ ಕೈಯಿಟ್ಟು, ಮನೆಯಲ್ಲಿ ಯಾರೂ ಇಲ್ಲದಿದ್ದರೂ ಅವ್ವನಿಗೆ ಕೇಳಿಸುವಷ್ಟು ಗಟ್ಟಿಯಾಗಿ, “ನಂದು” ಎಂದಳು.